ಗಣಪತಿ ಕಾಯಿಗೆ ರಸೀದಿ

ಹಲೋ... ಯಾರು ಮಾತಾಡ್ತಿರೋದು? ನಂಬರು ಗೊತ್ತಾಗ್ಲಿಲ್ಲ...

ಅನು, ನೀನಾ! ಅಪಾರ್ಟ್‌ಮೆಂಟ್ ಆಫೀಸ್ ಫೋನಿಂದಾನಾ? ಮೊಬೈಲು ಮನೇಲೇ ಬಿಟ್ಬಂದ್ಯಾ? ಇರು, ಸಾರು ಉಕ್ತಾ ಅದೆ... ಹಾಂ, ಹೇಳು ಮಗ್ಳೇ, ಏನ್ ಸಮಾಚಾರ?

ಭಾನುವಾರ ಪಾಪು ನಾಮಕರಣಕ್ಕೆ ಕೆಳಗಿನ ಹಾಲ್ ಕೊಡಲ್ವಂತಾ? ಯಾಕಂತೆ?... ಗಣಪತಿ ಹಬ್ಬದ ತಿಂಗ್ಳು ಮೇಂಟೆನೆನ್ಸ್ ಬಾಕಿನಾ? ಆ ತಿಂಗ್ಳು ದುಡ್ಡಿನ ಬದ್ಲು ನಿಮ್ ಗಣಪತಿ ಪೂಜೆಗೆ ನಮ್ ತ್ವಾಟದ ತೆಂಗಿನ್ಕಾಯಿ ಕೊಟ್ವಲ್ಲ! ಹೊಳೆನರಸೀಪುರದಿಂದ ಹಾಸನಕ್ಕೆ ಆಟೋ ತುಂಬ ನಾನೇ ಕಳಿಸ್ಲಿಲ್ವಾ? ಆಗಿನ ಸೆಕ್ರೆಟರಿ ಆದಿರಾಜಪ್ಪನೇ ಒಪ್ಕೊಂಡಿದ್ರಲ್ಲ...

ಹೌದು, ಈಗಿನ ಸೆಕ್ರೆಟರಿ ರಂಗಸ್ವಾಮಿಯೋರು ಹೊಸಬ್ರು, ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ರಸೀದಿ ಇಸ್ಕೊಂಡಿದ್ಯಾ?...

ದೇವ್ರ ಕಾಯಿಗೆ ರಸೀದಿ ಕೇಳೋಕೆ ನಾಚ್ಕೆ ಆಯ್ತಾ! ಭೇಷ್. ಬ್ಲೌಸ್ ಪೀಸಿಗೂ ಬಿಲ್ ಕೇಳೋಳು ನೀನು...

ಅಯ್ಯೋ, ಅಳ್ಬೇಡ ಕಣವ್ವ, ತಮಾಷೆಗಂದೆ... ಇನ್ನೊಂದ್ಸಲ ಕಟ್ಬಿಡು ಅಂತ ನಾನೆಲ್ಲಂದೆ? ಕಟ್ಟಿದ್ರೆ ನೀನು ಸುಳ್ಳಿ ಅಂತಾಗುತ್ತೆ, ಅಲ್ವಾ? ಕಟ್ಬೇಡ.

ಅವ್ರು ಆದಿರಾಜಪ್ಪಂಗೆ ಫೋನ್ ಮಾಡಿ ಕೇಳಿದ್ರಾ?... ಚನ್ನರಾಯಪಟ್ಟಣದಲ್ಲಿ ಮಗಳ ಮನೇಲವ್ರಾ? ಏನಂದ್ರು?... ಕಾಯಿ ಬಂದಿದ್ದು ನಿಜ ಅಂದ್ರಾ! ಮತ್ತೆ?... ಬಾಯಿಮಾತು ಸಾಲಲ್ವಂತಾ? ಸರೀನೇ ಬಿಡು. ಆದಿರಾಜಪ್ಪನೇ ರಂಗಸ್ವಾಮಿಯೋರ ಮೊಬೈಲಿಗೆ ಬರ್ದು ಕಳಿಸ್ಲಿ. ನಾನು ಬೀನ್ಸ್ ಹೆಚ್ಕೊಂಡು ಕಾಯ್ತೀನಿ...

ಬಂತಾ? ಓದು... ಕಾಯಿ ಸಂದಾಯ ಆಗಿದೆ, ಅಷ್ಟೇನಾ? ಮೇಂಟೆನೆನ್ಸಿಗೆ ಅಂತ ಬರೀಲಿ, ಯಾವ್ ತಿಂಗ್ಳು ಅಂತ ಬರೀಲಿ... ಹಾಂ, ಈಗ ಸರಿ.

ಇನ್ನೇನಂತೆ?... ರಸೀದಿ ಪುಸ್ತಕದಲ್ಲಿ ನಗದು, ಚೆಕ್ಕು ಎರಡೇನಾ? ಕಾಯಿ ಬರಿಯೋಕೆ ಜಾಗ ಇಲ್ವಾ?... ನಗ್ತಾವ್ರಾ? ನಗ್ಲಿ ಬಿಡು. ನಗ್ತಾ ಇರೋವಾಗ್ಲೇ ಪಕ್ಕದಲ್ಲಿ ಕಾಯಿ ಅಂತ ಬರ್ಸಿ ಸೈನ್ ಹಾಕಿಸ್ಕೊ.

ಹಾಕಿದ್ರಾ?... ಸೀಲು?... ನನ್ ಬಂಗಾರ! ಮನೆಗೆ ಹೋದ ತಕ್ಷಣ ಫೋಟೋ ತೆಗ್ದು ನಂಗೊಂದು ಕಳ್ಸು. ಪಾಪು ಕೈಗೆ ಸಿಗ್ದಂಗೆ ಇಡು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊತಾಳೆ, ಥೇಟ್ ನಿನ್ನಂಗೇ.

ಹಾಲ್ ಕೊಟ್ರಾ?... ಭಾನುವಾರಕ್ಕೇನಾ?... ಅಬ್ಬ, ಸದ್ಯ. ಅಡ್ವಾನ್ಸೂ ಕೊಟ್ಬಿಟ್ಯಾ? ಜಾಣೆ. ಅದ್ರ ರಸೀದಿ?...

ಇಸ್ಕೊಳ್ಲೇ ಇಲ್ವಾ?... ಮತ್ತೆ ನಾಚ್ಕೆ ಆಯ್ತಾ! ಅನೂ, ಬಾಗ್ಲು ದಾಟ್ಬೇಡ, ಅಲ್ಲೇ ನಿಂತ್ಕೊ, ಮೊದ್ಲು ಅವ್ರನ್ನ...

ಹಲೋ?... ಅನೂ?...