ನಲವತ್ನಾಲ್ಕರ ಕಡತ

ಛೀ! ಅದೇನೇ ಟ್ವೈಲಾ, ನಮ್ಮಪ್ಪನ ಕಾಗದಗಳನ್ನ ಮೂಗಿಗೆ ಹಿಡ್ಕೊಂಡು ಮೂಸ್ತಿದೀಯ! ಅದೇನು ಗುಲಾಬಿ ಹೂವಾ? ...ಓಹೋ, ಬೂಷ್ಟಿನ ವಾಸನೆ ಬಂದ್ರೆ ನಿಮ್ಮ ಕಾಲೇಜಿನ ದಾಖಲೆ ಸಂಗ್ರಹದೊಳಕ್ಕೆ ಬಿಟ್ಕೊಳ್ಳಲ್ವಾ? ಸರಿ, ಮೂಸು. ಜಿರಳೆ ಮೊಟ್ಟೆ, ಇಲಿ ಹಿಕ್ಕೆ, ಎಲ್ಲಾ ಸಿಗತ್ತೆ. ಪೆನ್ನು ಬೇರೆ ಮುಟ್ಟಬಾರದಂತೆ, ಚೀಟಿ ಬರೆಯೋಕೂ ಪೆನ್ಸಿಲ್ಲೇ ಆಗ್ಬೇಕಂತೆ. ಏನೇನು ಮಡಿಯಪ್ಪಾ ನಿಮ್ದು! ಅಪ್ಪ ಸತ್ತಾಗಿಂದ ಈ ಬೀರು ತೆಗೆದ್ರೆ ಸಾಕು, ಮೂಗು ಮುಚ್ಕೋತೀನಿ. ಒಂದು ಚೂರೂ ಬಿಡದೆ ಹೊತ್ಕೊಂಡು ಹೋಗು.

ನೋಡು, ಎಲ್ಲಾ ಜರ್ಮನಿಯಿಂದ ತರಿಸಿದ ಕಡತಗಳು. ಬೆನ್ನ ಮೇಲೆ ಇಸವಿ, ಒಳಗೆ ಕಾಗದ ಕಚ್ಚಿ ಹಿಡಿಯೋ ಕಬ್ಬಿಣದ ಕಮಾನು. ಪಕ್ಕದ ಹಿಡಿ ಎತ್ತಿದ್ರೆ ಬಾಯಿ ಬಿಡತ್ತೆ, ಒತ್ತಿದ್ರೆ ಟಕ್! ಯುದ್ಧ ಮುಗಿದ್ಮೇಲೆ ರಾಕೆಟ್ ಕಟ್ಟೋಕೆ ಅಮೆರಿಕಕ್ಕೆ ಬಂದ್ರೂ ಇಲ್ಲಿನವರ ಪಿನ್ನು ಕಂಡ್ರೆ ಅಪ್ಪಂಗೆ ಆಗ್ತಿರ್ಲಿಲ್ಲ. ಚಂದ್ರನ ಮೇಲೆ ಕಾಲಿಡೋ ಜನಕ್ಕೆ ಕಾಗದ ಜೋಡಿಸೋಕೆ ಬರಲ್ವಲ್ಲ ಅಂತ ನಗ್ತಿದ್ದ.

ಯಾಕೆ, ಏನಾಯ್ತು? ...ಹೂಂ, ನಲವತ್ಮೂರು ಆದ್ಮೇಲೆ ನಲವತ್ತೈದು. ಫೋನಲ್ಲೇ ಹೇಳಿದ್ನಲ್ಲ! ಇವೆಲ್ಲಾ ನೆಲಮಾಳಿಗೇಲಿ ಇದ್ದಾಗ ನೀರು ನುಗ್ಗಿ ನಲವತ್ನಾಲ್ಕು ಕೊಳೆತುಹೋಯ್ತು. ಮುದ್ದೆ ಮುದ್ದೆ! ಎಸೆದೆ... ಅದರ ಪಕ್ಕದಲ್ಲಿದ್ದ ನಲವತ್ಮೂರನ್ನ ಯಾಕೆ ಮತ್ತೆ ಮೂಸ್ತೀಯ? ಬೂಷ್ಟು ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ! ಹಾಗೆ ನೋಡ್ಬೇಡ ನನ್ನ.

ಬಾ, ಮೊದ್ಲು ಊಟ ಮಾಡು. ಬೆಳಗ್ಗೆಯಿಂದ ಹಿತ್ತಲ ಒಲೇಲಿ ಹಂದಿಮಾಂಸಕ್ಕೆ ಹೊಗೆ ಕೊಟ್ಟಿದೀನಿ. ಬಿಳಿ ಸಾಸ್ ಹಾಕ್ಕೋ, ಅಲಬಾಮಾದೋರಿಗೆ ಅದಿಲ್ದೆ ಇಳಿಯಲ್ವಲ್ಲ. ...ನಂಗೆ ಬೇಡ ಕಣೇ. ಇವತ್ತು ನಂಗ್ಯಾಕೋ ಸೇರ್ತಿಲ್ಲ.

ಆ ಫ್ರೆಂಚ್ ಮುದುಕ ಅಪ್ಪನ ಕಾಗದ ನೋಡೋಕೆ ನಾಳೆ ನಿಮ್ಮಲ್ಲಿಗೆ ಬರ್ತಾನಂತಲ್ಲ? ಇಲ್ಲಿಗೂ ಬಂದಿದ್ದ. ಇದೇ ಕುರ್ಚೀಲಿ ಕೂತು ಕೆಮ್ಮಿದ, ಕೆಮ್ಮಿದ... ಕರವಸ್ತ್ರದ ತುಂಬಾ ಕಫ. ಅಸಹ್ಯ! ಯುದ್ಧದ ಕಾಲ, ನಲವತ್ನಾಲ್ಕರಲ್ಲಿ, ಬೆಟ್ಟದೊಳಗಿನ ಸುರಂಗದಲ್ಲಿ ಅಪ್ಪನ ರಾಕೆಟ್ ಜೋಡಿಸೋಕೆ ಕೈದಿಗಳನ್ನ ಇಟ್ಟಿದ್ರಂತೆ. ಇವನೂ ಇವನ ತಮ್ಮನೂ ಅಲ್ಲೇ ಇದ್ರಂತೆ. ಬೇಕೂಂತ ಕೆಲಸ ಕೆಡಿಸಿದ ಅಂತ ತಮ್ಮನ್ನ ಕ್ರೇನಿಗೆ ನೇತುಹಾಕಿದ್ರಂತೆ. ತಮ್ಮನ ಮೇಲೆ ದೂರು ಬರೆದೋನು ಯಾರು, ಅದೊಂದು ತಿಳ್ಕೊಂಡು ಸಾಯ್ತೀನಿ ಅಂದ. ನಮ್ಮಪ್ಪ ಅಂಥೋನಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಇಲ್ಲಿನ ಶಾಲೆ ಸಭಾಂಗಣಕ್ಕೇ ಅಪ್ಪನ ಹೆಸರಿದೆ! ಅಂಗಡಿಗೆ ಹೋದ್ರೆ ಮಿಸ್ ಗೆರ್ಲಿಂಡೆ, ಮಿಸ್ ಗೆರ್ಲಿಂಡೆ ಅಂತ ಜನ ದಾರಿ ಬಿಡ್ತಾರೆ. ಅದೆಲ್ಲಾ ಒಬ್ಬ ಕೆಮ್ಮೋ ಮುದುಕನಿಗೋಸ್ಕರ ಮಣ್ಣುಪಾಲಾಗ್ಬೇಕಾ? ಅಪ್ಪ ಹಸಿರು ಶಾಯೀಲಿ ಬರೀತಿದ್ದ, ಎಷ್ಟು ಮುದ್ದಾದ ಅಕ್ಷರ ಗೊತ್ತಾ... ದೂರಿನಲ್ಲಿ ಆ ಹುಡುಗನ ಹೆಸರನ್ನೂ ಅಷ್ಟೇ ಮುದ್ದಾಗಿ...

ಏನು? ನಾನೇನೂ ಅನ್ಲಿಲ್ಲ. ಏನಂದೆ ಈಗ? ಏನೂ ಇಲ್ಲ!

ತಟ್ಟೆ ಯಾಕೆ ಕೆಳಗಿಟ್ಟೆ? ಉಪ್ಪು ಕಮ್ಮಿ ಆಯ್ತಾ? ...ಹಿತ್ತಲಿಗೆ ಯಾಕೆ ಹೋಗ್ತಿದೀಯ? ಟ್ವೈಲಾ! ಒಲೆ ಕೆಳಗಿನ ಬೂದಿ ತಟ್ಟೆ ಎಳೀಬೇಡ, ಕೈ ಸುಡತ್ತೆ! ಬಿಡು ಅಂದೆ... ಬಿಡೇ...

...ಥೂ. ಕಾಗದ ಸುಡತ್ತೆ, ರಟ್ಟು ಸುಡತ್ತೆ. ಆ ದರಿದ್ರ ಕಬ್ಬಿಣದ ಕಮಾನು ಸುಡಲ್ಲ ಅನ್ನೋದೇ ಮರೆತುಹೋಗಿತ್ತು. ಬಾಯಿ ಬಿಟ್ಕೊಂಡೇ ಬಿದ್ದಿದೆ ನೋಡು.

ಬಯ್ಯೇ! ಅಪ್ಪನ ಮೇಲೂ ಹೇಸಿಗೆ ನಂಗೆ, ನನ್ನ ಮೇಲೂ ಹೇಸಿಗೆ. ಆ ಕಾಗದದ ಬೆಂಕೀಲಿ ಬೆಂದಿದ್ದನ್ನ ನೀನು ಬಾಯಿಗಿಡೋವಾಗ ನಾನು ಆ ಕಡೆ ತಿರುಗಿದ್ದೆ, ನೀನು ನೋಡ್ಲಿಲ್ಲ.

ಏನ್ಮಾಡ್ತಿದೀಯ? ಆ ಕಮಾನನ್ನೂ ಪೆಟ್ಟಿಗೆಗೆ ಹಾಕ್ತೀಯಾ? ನಲವತ್ಮೂರಕ್ಕೂ ನಲವತ್ತೈದಕ್ಕೂ ಮಧ್ಯೆ? ಚೀಟಿ ಬೇರೆ ಅಂಟಿಸ್ತೀಯಾ? ನಾಳೆ ಆ ಮುದುಕ ಬಂದಾಗ ಇದನ್ನೇ ಅವನ ಮುಂದೆ ಇಡ್ತೀಯಾ? ಟ್ವೈಲಾ, ಇದರಲ್ಲಿ ಏನಿತ್ತು ಅಂತ ಚೀಟಿ ಬರಿಯೋಳು ನೀನಲ್ವಾ? ಪೆನ್ಸಿಲ್ಲನ್ನ ನನ್ನ ಕೈಗೆ ಯಾಕೆ ಕೊಡ್ತಿದೀಯ?