ರಿಪೇರಿ ಮೇಡಂ

ಮೇಜಿಗೆ ನಾಲ್ಕು ಸಾವಿರ, ಎರಡು ಕುರ್ಚಿಗೆ ಮೂರು ಸಾವಿರ, ಹಸಿರು ಪರದೆಗೆ ಒಂಬೈನೂರು. ಬಾಗಿಲ ಮೇಲೆ ದಾನಿಯ ಹೆಸರು ಕೆತ್ತಿದ ಕಲ್ಲಿಗೆ ಹನ್ನೊಂದು ಸಾವಿರ. ನಗಬೇಡಿ, ಕಲ್ಲು ಹಾಕಿಸಿದವರು ಈ ಸಭೆಯಲ್ಲೂ ಇದ್ದಾರೆ.

ಒಂದು ಊರಿನ ಶ್ರೀಮಂತ ಹೀಗೆ ಶಾಲೆಗೊಂದು ಕೋಣೆ ಸಿದ್ಧಮಾಡಿಕೊಟ್ಟ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಮಾತು ಕೇಳಲು ಅಲ್ಲಿಗೆ ಒಬ್ಬ ಆಪ್ತಸಮಾಲೋಚಕಿ ಬಂದರು. ಮಕ್ಕಳು ಅವರಿಗೆ ಇಟ್ಟ ಹೆಸರೇನು ಗೊತ್ತೇ? ರಿಪೇರಿ ಮೇಡಂ.

ಯಾಕೆ? ನೋಡಿ, ಅವರ ಬಳಿ ಹೋಗಬೇಕಾದ ಮಕ್ಕಳ ಹೆಸರನ್ನು ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ಪ್ರಾರ್ಥನೆಯ ನಂತರ ಮೈಕಿನಲ್ಲಿ ಓದುತ್ತಿದ್ದರು. ಕೆಟ್ಟುಹೋದ ಸಾಮಾನು ನೋಡುವಂತೆ ನಾನೂರು ಕತ್ತು ಒಮ್ಮೆಲೇ ಹೊರಳುತ್ತಿದ್ದವು.

ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ. ಒತ್ತಕ್ಷರ ಬಂದಲ್ಲಿ ಅವಳ ಓದು ನಿಲ್ಲುತ್ತಿತ್ತು. ಗೆಳತಿಯ ಬಾಯಿಂದ ಪಾಠ ಕೇಳಿ, ಉರುಹೊಡೆದು, ಆರು ತರಗತಿ ದಾಟಿದ್ದಳು. ಗುಟ್ಟು ಹೊರಬಿದ್ದ ದಿನ ಶಾಲೆ ಬಿಡುವುದೆಂದು ನಿರ್ಧರಿಸಿದ್ದಳು. ಒಂದು ಬೆಳಿಗ್ಗೆ ಮೈಕಿನಲ್ಲಿ ಅವಳ ಹೆಸರೇ ಬಂತು.

“ಹೋಗ್ಬೇಡ ಕಣೇ,” ಎಂದಳು ಗೆಳತಿ. “ತಲೆಗೆ ವೈರ್ ಹಚ್ಚಿ ನೋಡ್ತಾರಂತೆ. ಒಳಗೇನೂ ಇಲ್ಲ ಅಂತ ಗೊತ್ತಾದ್ರೆ ಟಿ.ಸಿ. ಕೊಡ್ತಾರಂತೆ.”

ಹುಡುಗಿ ಬಿಸಿಯೂಟದ ಅಡುಗೆಕೋಣೆಗೆ ಓಡಿ ಅಕ್ಕಿ ಚೀಲದ ಹಿಂದೆ ಅಡಗಿದಳು. ಮೇಡಂ ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತರು.

“ನನಗೇನೂ ಆಗಿಲ್ಲ ಮೇಡಂ.”

“ಮತ್ತೆ ಇಲ್ಲಿ ಯಾಕಮ್ಮ ಕೂತಿದೀಯ?”

“ಮೈಕಲ್ಲಿ ಕೂಗಿದ್ರಲ್ಲ. ಇನ್ನು ಎಲ್ರೂ ದಡ್ಡಿ ಅಂತಾರೆ. ನೀವಾಗಿದ್ರೆ ಹೋಗ್ತಿದ್ರಾ?”

ಮೇಡಂ ಮರುದಿನದ ಹೆಸರಿನ ಚೀಟಿ ತೆಗೆದು, ಅದರಲ್ಲಿ ಒಂದೇ ಒಂದು ಸಾಲು ಬರೆದರು.

ಮರುದಿನ ಹೆಡ್‌ಮಾಸ್ಟರು ಎಂದಿನಂತೆ ಮೇಡಂ ಕೊಟ್ಟ ಚೀಟಿಯನ್ನು ಮೊದಲು ನೋಡಿಕೊಳ್ಳದೆ ಗಟ್ಟಿಯಾಗಿ ಓದಿಬಿಟ್ಟರು: “ಇಂದು ಹೋಗಬೇಕಾದವರು, ಈ ಶಾಲೆಯ ಮುಖ್ಯೋಪಾಧ್ಯಾಯರು.”

ನಾನೂರು ಕತ್ತು ಹೊರಳಿದವು. ಅವರ ಕಿವಿ ಕೆಂಪಾಯಿತು. ವಿಧಿಯಿಲ್ಲದೆ ಹೋದರು. ಹುಡುಗಿ ತರಗತಿಯ ಕಿಟಕಿಯಿಂದ ಆ ಹಸಿರು ಪರದೆಯನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ಅವರು ಹೊರಬಂದರು. ತಲೆ ಇದ್ದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಅವರೇ ಮೈಕ್ ಹಿಡಿದರು. “ಏಳನೇ ಕ್ಲಾಸಲ್ಲಿ ನಾನು ಇಂಗ್ಲಿಷಲ್ಲಿ ಫೇಲಾಗಿದ್ದೆ. ಹೆಂಡತಿಗೂ ಹೇಳಿರಲಿಲ್ಲ, ನಿನ್ನೆ ಮೇಡಂಗೆ ಹೇಳ್ದೆ. ಇನ್ಮೇಲೆ ಇಲ್ಲಿ ಯಾರ ಹೆಸರೂ ಕೂಗಲ್ಲ.”

ಅಂದು ಮಧ್ಯಾಹ್ನ ಹುಡುಗಿ ತಾನೇ ಹೋಗಿ ಪರದೆ ಸರಿಸಿದಳು. “ಮೇಡಂ, ನನಗೆ ಓದಕ್ಕೆ ಬರಲ್ಲ.”

ಈಗ ನಿಮ್ಮ ಮನೆಗೆ ಬರೋಣ. ನೆಂಟರ ಕೈಗೆ ಕಾಫಿ ಲೋಟ ಕೊಡುವ ಮೊದಲೇ “ನಮ್ಮವನಿಗೆ ಲೆಕ್ಕ ತಲೆಗೆ ಹತ್ತಲ್ಲ” ಎನ್ನುವವರು ಯಾರು? ಅಲ್ಲಿ ಮೈಕ್ ಯಾರ ಕೈಯಲ್ಲಿದೆ? ಅದನ್ನು ಕೆಳಗಿಡಿ. ಇವತ್ತು ಊಟಕ್ಕೆ ಕೂತಾಗ ಮಗುವಿನ ಅಂಕ ಕೇಳುವ ಮುನ್ನ, ನೀವು ಸೋತದ್ದನ್ನು ಒಂದು ಹೇಳಿ. ನೆನಪಾಗದಿದ್ದರೆ ನಿಮ್ಮ ತಾಯಿಯನ್ನು ಕೇಳಿ, ಅವರಿಗೆ ನೆನಪಿರುತ್ತದೆ.

ಹೆಡ್‌ಮಾಸ್ಟರು ಕಳೆದುಕೊಂಡದ್ದು ಅರ್ಧ ಗಂಟೆ, ಒಂದಿಷ್ಟು ಬಿಗುಮಾನ. ಹುಡುಗಿ ಮಾರ್ಚ್ ತಿಂಗಳ ಹೊತ್ತಿಗೆ ಬಾಗಿಲ ಮೇಲಿನ ಆ ಹನ್ನೊಂದು ಸಾವಿರದ ಕಲ್ಲನ್ನು, ಒತ್ತಕ್ಷರ ಸಮೇತ, ತಾನೇ ಓದಿದಳು.