ಆ ಕೆಂಪು ಡಬ್ಬಿ ಬೇಡ

ಬೇಡ ಟ್ಯಾಮ್, ಆ ಕೆಂಪು ಡಬ್ಬಿ ಬೇಡ ಅಂತಿದೀನಲ್ಲ, ಕೆಳಗಿಡು ಅದನ್ನ. ರಸೀತಿ ಇದೆ ತಾನೇ? ಡಬ್ಬಿ ಒಡೆದಿಲ್ಲ ಅಂದ್ರೆ ವಾಪಸ್ ತಗೋತಾರೆ. ಅಂಗಡಿಯವನು ಗೊಣಗ್ತಾನೆ, ಗೊಣಗ್ಲಿ, ನಾನು ಮಾತಾಡ್ತೀನಿ... ಒಡೆದಿದೆ. ಯಾವಾಗ ಒಡೆದೆ, ಬೆಳಿಗ್ಗೆನಾ? ಕಂಪ್ಯೂಟರಿಗೆ ಹಾಕಿಬಿಟ್ಯಾ? ಹಾಕಿ ನಿಲ್ಲಿಸಿದೀಯಾ. ಸರಿ, ನಿಲ್ಲಿಸಿದೀಯಲ್ಲ, ಸರಿ ಬಿಡು.

ದವಡೆ ನೋವಾ ಇವತ್ತೂ? ಬಂದಾಗಿಂದ ನೋಡ್ತಿದೀನಿ, ಒಂದು ಮಾತಿಲ್ಲ, ಬರೀ ತಲೆ ಅಲ್ಲಾಡಿಸ್ತಿದೀಯಾ. ಈ ಮಿಲ್ಡ್ಯೂರಾ ಊರಿನ ಬಿಸಿಲಿಗೆ ಒಳಗಿರೋ ಸ್ಕ್ರೂನೇ ಕಾಯುತ್ತೇನೋ. ಮಾತಾಡ್ಬೇಡ ಬಿಡು. ಮಾತಾಡೋಕೆ ನಾನಿದೀನಲ್ಲ. ಅಮ್ಮ ಏನು ಹೇಳ್ತಿದ್ಲು, ನಿನ್ನ ತಮ್ಮ ಈ ಫ್ಲಿನ್ ಹುಟ್ಟಿದಾಗ ಅಳೋಕೆ ಪುರುಸೊತ್ತಿರ್ಲಿಲ್ಲ, ಮಾತಾಡ್ತಾನೇ ಬಂದ ಅಂತ.

ಕೇಳು. ನಾನು ಅಂಗಡೀಲಿ ದಿನಕ್ಕೆ ಹತ್ತು ಕಂಪ್ಯೂಟರ್ ಬಿಚ್ತೀನಿ, ನನ್ನ ಮಾತು ಕೇಳು. ಈ ಕೆಂಪು ಡಬ್ಬೀದು ಆಂಟಿವೈರಸ್ ಅಲ್ಲ, ಅದೊಂದು ರೌಡಿ. ಮನೆಗೆ ಬಂದವರನ್ನೆಲ್ಲ ಕುತ್ತಿಗೆ ಹಿಡಿದು ಗೋಡೆಗೆ ಗುದ್ದುತ್ತೆ, ಆಮೇಲೆ ಯಾರು ನೀನು ಅಂತ ಕೇಳುತ್ತೆ. ಪ್ರಿಂಟರಿನ ಫೈಲನ್ನೂ ಕಳ್ಳ ಅನ್ನುತ್ತೆ. ಪರದೆ ತುಂಬ ಕೆಂಪು ಗೆರೆ, ಅಪಾಯ ಅಪಾಯ ಅಂತ. ನೀನು ಗಾಬರಿ ಬಿದ್ದು ಎಲ್ಲಾ ಅಳಿಸ್ತಾ ಹೋಗ್ತೀಯಾ, ಕೊನೆಗೆ ಕಂಪ್ಯೂಟರೇ ಸತ್ತುಹೋಗುತ್ತೆ. ಈ ಹಸಿರುದು ನೋಡು, ನಾನು ತಂದಿರೋದು. ಹಗುರ. ವರ್ಷಕ್ಕೊಂದ್ಸಲ ನವೀಕರಿಸಿದ್ರೆ ಮುಗೀತು, ಅಷ್ಟರಲ್ಲಿ ಅದು ಮನೇಲಿದೆ ಅಂತಾನೂ ಮರೆತಿರ್ತೀಯಾ. ಬರೋ ವೈರಸ್ಸನ್ನ ಬಾಗಿಲಲ್ಲೇ ಹೊಸಕಿ ಹಾಕುತ್ತೆ, ಒಳಗಿರೋರ ತಂಟೆಗೆ ಬರಲ್ಲ.

ಒಳಗಿರೋರು ಅಂದ್ರೆ... ಒಳಗಿರೋ ಫೈಲು ಕಣೆ.

ಕ್ಯಾಮೆರಾ ಮೇಲೆ ಬ್ಯಾಂಡೇಜ್ ಅಂಟಿಸಿದೀಯಾ? ಒಳ್ಳೇದು, ಜಾಣೆ. ಆದ್ರೆ ಇಷ್ಟು ಹೆದರ್ಬೇಡ. ಹೋದ ತಿಂಗಳು ನಾನೇ ಕೈಯಾರೆ ಸಿದ್ಧ ಮಾಡಿ ಅಂಚೇಲಿ ಕಳಿಸಿರೋ ಲ್ಯಾಪ್‌ಟಾಪ್ ಇದು, ಇದರೊಳಗೆ ಏನಿದೆ ಅಂತ ನಂಗೊತ್ತಿಲ್ವಾ? ನಿನ್ನ ಭಯ ಏನು ಅಂತಾನೂ ಗೊತ್ತು. ಬೆಂಡಿಗೋ ಬಿಟ್ಟು ಸ್ವಾನ್ ಹಿಲ್‌ಗೆ ಹೋದೆ, ಗ್ರಾಂಟ್‌ಗೆ ಗೊತ್ತಾಗಿಹೋಯ್ತು. ಈಗ ಇಲ್ಲಿಗೂ ಬರ್ತಾನೆ, ಈ ಸಲ ಬಂದ್ರೆ ದವಡೆಗೆ ನಿಲ್ಲಿಸಲ್ಲ, ಕೊಂದೇ ಹಾಕ್ತಾನೆ ಅಂತ ತಾನೇ? ಕೋರ್ಟ್ ಆರ್ಡರ್ ಇದೆಯಲ್ಲ ಟ್ಯಾಮ್. ಇನ್ನೂರು ಮೀಟರಿಗಿಂತ ಹತ್ರ ಬರೋ ಹಾಗಿಲ್ಲ. ಸ್ವಾನ್ ಹಿಲ್‌ನಲ್ಲಿ ಆಗಿದ್ದು ತಪ್ಪೇ, ಇಲ್ಲ ಅನ್ನಲ್ಲ, ಟಾರ್ಚ್ ತಗೊಂಡು ಹೆಂಡತಿ ಮುಖಕ್ಕೆ ಹೊಡೆಯೋದು ಗಂಡಸು ಮಾಡೋ ಕೆಲ್ಸ ಅಲ್ಲ. ಆದ್ರೆ ಬದಲಾಗಿದಾನೆ. ಕುಡಿಯೋದು ಬಿಟ್ಟಿದಾನಂತೆ. ನಿನ್ನ ಹೆಸರು ತೆಗೆದ್ರೆ ಅಳ್ತಾನಂತೆ.

ಯಾರೋ ಹೇಳಿದ್ರು. ಕ್ಲಬ್ಬಲ್ಲಿ.

ಏ, ಕೈ ಬಿಡು, ನೋವಾಗುತ್ತೆ. ಏನಿಲ್ಲ, ಎರಡು ಬೆರಳು ಮುರಿದಿದೆ ಅಷ್ಟೆ. ಫುಟಿ ಆಡ್ತಾ. ಚೆಂಡಿಗೆ ಹಾರಿದೆ, ಇಬ್ರು ದಢಿಯರು ಮೇಲೆ ಬಿದ್ರು, ಲಟಕ್ ಅಂತು. ಹೋದ ಶನಿವಾರ... ಏನು? ಗೋಡೆ ಕಡೆ ಏನು ತೋರಿಸ್ತಿದೀಯಾ? ಕ್ಯಾಲೆಂಡರ್. ಹೂಂ, ನವೆಂಬರ್. ಫುಟಿ ಚಳಿಗಾಲದ ಆಟ, ಸೆಪ್ಟೆಂಬರಿಗೇ ಫೈನಲ್ ಮುಗೀತು, ನಂಗೂ ಗೊತ್ತು. ಮೈದಾನದಲ್ಲಿ ಕ್ರಿಕೆಟ್ ಪಿಚ್ ಹಾಕಿ ತಿಂಗಳಾಯ್ತು, ಅದೂ ಗೊತ್ತು. ಸುಮ್ನೆ ಪಾರ್ಕಲ್ಲಿ ಒದೀತಿದ್ವಿ, ಹುಡುಗ್ರೆಲ್ಲ ಸೇರ್ಕೊಂಡು. ಮೂವತ್ತೆಂಟು ಡಿಗ್ರಿ ಬಿಸಿಲಲ್ಲಿ ಯಾರು ಫುಟಿ ಆಡ್ತಾರೆ ಅಂತ ನೋಡ್ತಿದೀಯಾ ಅಲ್ವಾ? ಆಡ್ತಾರೆ. ಹುಚ್ಚರು ಆಡ್ತಾರೆ.

ಎಲ್ಲಿಗೆ ಹೊರಟೆ? ಹಿತ್ತಲಿಗಾ? ಬಟ್ಟೆ ತೆಗೀಬೇಕಾ ಈಗ್ಲೇ? ಬಂದೆ ಇರು, ಬುಟ್ಟಿ ನಾನು ಹಿಡ್ಕೋತೀನಿ.

ಅಬ್ಬಾ, ನೆಲಾನೇ ಬಾಣಲಿ ಹಾಗಿದೆ. ಕೊಡು ಆ ಕ್ಲಿಪ್ಪು. ಬಾಗಿಲು ಹಾಕಿದ್ಯಾ? ಈಗ ಹೇಳು, ಏನು ನಿನ್ನ ತಲೇಲಿರೋದು? ಇಲ್ಲಿ ಧಾರಾಳವಾಗಿ ಮಾತಾಡು ಟ್ಯಾಮ್, ಇಲ್ಲಿ ಆಡಿದ್ದು ಕೇಳಿಸಲ್ಲ.

ಏನು?

ಏನಂದೆ ನಾನು? ಕೇಳಿಸಲ್ಲ ಅಂದ್ರೆ... ಪಕ್ಕದ ಮನೆ ಅಜ್ಜಿಗೆ, ಅವರಿಗೆ ಕಿವಿ... ಹಾಗೆ ನೋಡ್ಬೇಡ. ಏನಾದ್ರೂ ಅನ್ನು. ದವಡೆ ನೋವು ತಾನೇ ನಿಂಗೆ? ದವಡೆ ನೋವಿಗೆ ತಾನೇ ಒಳಗೆ ಸುಮ್ನಿದ್ದೆ?

ಅಲ್ಲ.

ನೋವಿಲ್ಲ ನಿಂಗೆ. ಬೆಳಿಗ್ಗೆ ಆ ಕೆಂಪು ಡಬ್ಬಿ ತೋರಿಸಿಬಿಟ್ಟಿದೆ. ಒಳಗೊಂದು ಕಿವಿ ಇದೆ ಅಂತ ನಿಂಗೆ ಗೊತ್ತಿತ್ತು, ಅದಕ್ಕೇ ಬಾಯಿ ಬಿಡ್ಲಿಲ್ಲ. ನಂಗೆ ಗೊತ್ತಿದೆಯಾ ಅಂತ ನೋಡ್ತಿದ್ದೆ. ಇಷ್ಟೊತ್ತಿಂದ ತಲೆ ಅಲ್ಲಾಡಿಸ್ಕೊಂಡು... ಬೈಯಿ ಟ್ಯಾಮ್. ಬೈದಾದ್ರೂ ಬಿಡು, ಹೀಗೆ ನಿಲ್ಬೇಡ.

ಹೂಂ. ಹೊಡಿ. ಇನ್ನೊಂದು ಹೊಡಿ, ಈ ಕಡೆ.

ನಾನೇ ಹಾಕಿದ್ದು. ನಾನೇ. ನೀನು ಟೈಪ್ ಮಾಡಿದ್ದೆಲ್ಲ ಕಾಣುತ್ತೆ ಗ್ರಾಂಟ್‌ಗೆ, ಅಡುಗೆಮನೇಲಿ ಆಡಿದ ಮಾತೆಲ್ಲ ಕೇಳುತ್ತೆ. ಮೊದಲು ಆಗಲ್ಲ ಅಂದೆ. ಆಣೆಗೂ ಆಗಲ್ಲ ಅಂದೆ. ನನ್ನ ಕೈ ಹಿಡ್ಕೊಂಡ, ಗಾಡಿ ಬಾಗಿಲ ಸಂದಿಗಿಟ್ಟ, ದಬ್ ಅಂತ ಹಾಕಿದ. ತೆಗೆದು ಇನ್ನೊಂದ್ಸಲ ಹಾಕಿದ. ಮೂಳೆ ಹೊರಗೆ ಕಾಣ್ತಿತ್ತು ಟ್ಯಾಮ್. 'ಫ್ಲಿನ್, ಮೇಟ್, ಇನ್ನೊಂದು ಕೈ ಇದೆಯಲ್ಲ' ಅಂದ, ನಗ್ತಾ, ಹದಿಮೂರು ವರ್ಷದ ನಂಗೆ ಚೆಂಡು ಒದೆಯೋಕೆ ಕಲಿಸಿದನಲ್ಲ, ಅದೇ ದನೀಲಿ. ಕೈಗೆ ಪಟ್ಟಿ ಕಟ್ಕೊಂಡು ಒಂದು ತಿಂಗಳಾಯ್ತು, ಶನಿವಾರ ಅಲ್ಲ.

ಅಷ್ಟೇ ಅಲ್ಲ. ಬರೀ ಹೆದರಿ ಮಾಡ್ದೆ ಅಂದ್ರೆ ಸುಳ್ಳಾಗುತ್ತೆ. 'ಕಾಣ್ತಾ ಇದ್ರೆ ನಾನ್ಯಾಕೆ ಹುಡುಕ್ಕೊಂಡು ಹೋಗ್ಲಿ' ಅಂದ. ಅದು ನನ್ನ ತಲೇಲಿ ಕೂತುಬಿಡ್ತು. ಕೇಳಿಸ್ಕೊಂಡಿರ್ಲಿ, ಕೂತಲ್ಲೇ ಕೂತಿರ್ಲಿ, ನಿನ್ನ ಮೈ ಮುಟ್ಟದಿದ್ರೆ ಸಾಕು ಅಂದ್ಕೊಂಡೆ. ಸ್ವಾನ್ ಹಿಲ್‌ನಲ್ಲಿ ಕಾರವಾನ್ ಬಾಗಿಲು ಕಿತ್ತು, ಜುಟ್ಟು ಹಿಡಿದು ಜಲ್ಲಿ ಮೇಲೆ ನಿನ್ನ ಎಳ್ಕೊಂಡು ಹೋದನಲ್ಲ, ನೋಡ್ದವರು ನಂಗೆ ಹೇಳಿದಾರೆ, ನೆತ್ತಿ ಚರ್ಮ ಕೂದಲ ಸಮೇತ ಜಲ್ಲೀಲಿತ್ತಂತೆ. ಅಷ್ಟಾಗದಿದ್ರೆ ಸಾಕು ಅಂತ. ನಾನು ನಿನ್ನ ಉಳಿಸ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ. ಅದಕ್ಕೇ ಹಸಿರು ಡಬ್ಬಿ. ಅದರಲ್ಲಿ ಬಿಟ್ಟುಬಿಡು ಅಂತ ಒಂದು ಪಟ್ಟಿ ಇರುತ್ತೆ, ಅದಕ್ಕೆ ಇವನ ಕಳ್ಳಕಿವಿ ಸೇರಿಸಿದ್ರೆ ಕಣ್ಣೆತ್ತಿಯೂ ನೋಡಲ್ಲ.

ಬೆಳಿಗ್ಗೆ ನೀನು ಕೆಂಪುದು ಹಾಕಿದೆಯಲ್ಲ, ನೀನು ಅದನ್ನ ನಿಲ್ಲಿಸೋವರೆಗೂ ಕಾಲು ಗಂಟೆ ಅವನಿಗೆ ಏನೂ ಕಾಣ್ಲಿಲ್ಲ, ಏನೂ ಕೇಳಿಸ್ಲಿಲ್ಲ. ಕಾಲು ಗಂಟೆಗೆ ಹುಚ್ಚು ಹಿಡೀತು ಟ್ಯಾಮ್ ಅವನಿಗೆ. ನಾನು ಬಸ್ಸಲ್ಲಿ ಬರ್ಲಿಲ್ಲ. ಅವನೇ ಕರ್ಕೊಂಡು ಬಂದ. ಬೆಂಡಿಗೋಯಿಂದ ಇಲ್ಲೀವರೆಗೂ ಒಂದು ಕಡೆ ನಿಲ್ಲಿಸ್ಲಿಲ್ಲ. ಈಗ ಮುಂದಿನ ಬೀದೀಲಿ ಗಾಡೀಲಿ ಕೂತಿದಾನೆ, ಕಿವಿಗೆ ಫೋನ್ ಇಟ್ಕೊಂಡು. ಒಳಗಿಂದ ಮಾತು ಕೇಳಿಸ್ತಾ ಇರ್ಬೇಕು, ಐದು ನಿಮಿಷ ನಿಂತ್ರೆ ಬರ್ತೀನಿ ಅಂದಿದಾನೆ. ಸೀಟಿನ ಕೆಳಗೆ ಸಲಾಕೆ ಇದೆ. ನೋಡಿದೀನಿ.

ಎಷ್ಟೊತ್ತಾಯ್ತು ನಾವು ಹೊರಗೆ ಬಂದು? ಮೂರಾ? ನಾಲ್ಕಾ?

ಬೇಲಿ ಹತ್ತು. ಬುಟ್ಟಿ ಬೋರಲು ಹಾಕ್ತೀನಿ, ಕಾಲಿಡು. ಅಜ್ಜಿ ಮನೆ ಹಿಂಬಾಗಿಲಿಂದ ಒಳಗೆ ಹೋಗು, ಅಲ್ಲಿಂದ ಪೊಲೀಸಿಗೆ ಫೋನ್ ಮಾಡು, ನಿನ್ನ ಫೋನ್ ಬೇಡ, ಅವರದ್ದರಿಂದ. ಗಾಡಿ ಬಿಳಿ, ಹಿಂದೆ ನಾಯಿ ಪಂಜರ ಇದೆ ಅನ್ನು. ಸಲಾಕೆ ಇದೆ ಅನ್ನು. ನಾನಾ? ನಾನು ಬರಲ್ಲ. ಒಳಗೆ ಯಾರಾದ್ರೂ ಮಾತಾಡ್ತಾ ಇರ್ಬೇಕಲ್ಲ. ಬೇರೇನು ಬರುತ್ತೆ ನಂಗೆ? ಹೋಗು. ಏನೂ ಹೇಳ್ಬೇಡ ಈಗ. ಹೋಗೇ.

...ಅಬ್ಬಾ, ಎಂಥಾ ಬಿಸಿಲಪ್ಪ. ಬುಟ್ಟಿ ಅಲ್ಲೇ ಇರ್ಲಿ ಟ್ಯಾಮ್, ಆಮೇಲೆ ಮಡಚಿದ್ರಾಯ್ತು. ಕೂತ್ಕೋ, ಈ ಕುರ್ಚಿ ಎಳ್ಕೊಡ್ತೀನಿ. ಹಾಂ. ತಣ್ಣಗೆ ನೀರು ಕೊಡ್ಲಾ? ತಗೋ. ಎರಡು ಲೋಟ ಹಾಕ್ದೆ, ನಂಗೂ ಗಂಟಲು ಒಣಗಿದೆ.

ಎಲ್ಲಿದ್ದೆ ನಾನು? ಹಸಿರುದು. ಒಪ್ಪಿಗೆ ತಾನೇ? ನೀನು ತಲೆ ಆಡಿಸಿದ್ರೆ ಸಾಕು. ಹಾಂ, ಅಷ್ಟೇ ಬೇಕಾಗಿದ್ದು. ಈಗ ಕೆಂಪುದನ್ನ ತೆಗೆದು ಬಿಸಾಕ್ತೀನಿ, ಆಮೇಲೆ ಇದು ಹಾಕೋದು, ಮೊದಲ ಸಲ ಪೂರ್ತಿ ಹುಡುಕೋಕೆ ಒಂದು ಗಂಟೆ ತಗೊಳ್ಳುತ್ತೆ. ಒಂದು ಗಂಟೆ ನೀನು ಇಲ್ಲಿಂದ ಏಳ್ಬಾರ್ದು, ಆಯ್ತಾ? ಮೂಲೆ ಮೂಲೆ ನೋಡುತ್ತೆ. ಹಳೇ ಫೋಟೋ ಎಲ್ಲಾ ನೋಡುತ್ತೆ. ನನ್ನ ಹುಟ್ಟುಹಬ್ಬದ್ದು ಇದೆಯಾ ಇದರಲ್ಲಿ, ಕೇಕಿಗೆ ಮುಖ ಅದ್ದಿದ್ಯಲ್ಲ ನೀನು ನಂದು? ಮೂಗಿನ ಒಳಗೆಲ್ಲ ಕ್ರೀಮು. ಏ, ಯಾಕೆ ನಗ್ತಿದೀಯಾ? ನಗ್ಬೇಡ, ದವಡೆ ನೋಯುತ್ತೆ. ನಿಧಾನ, ನೀರು ಚೆಲ್ತೀಯಾ.

ಇನ್ನೊಂದು ವಿಷಯ ಹೇಳ್ತೀನಿ ಕೇಳು, ಪಾಸ್‌ವರ್ಡ್ ವಿಷಯ. ನೀನಿಡೋ ಪಾಸ್‌ವರ್ಡ್ ನಾಯಿಮರಿಗೂ ಗೊತ್ತಾಗುತ್ತೆ. ಉದ್ದಕ್ಕೆ ಇಡ್ಬೇಕು, ಎಷ್ಟು ಉದ್ದ ಅಂದ್ರೆ...

ಯಾವುದೋ ಬಿಳಿ ಗಾಡಿ ಬಂತು.

ಯಾರೋ ಅಂಚೆಯವರಿರ್ತಾರೆ, ಕೂತಿರು. ಬಾಗಿಲು ಮುರಿಯೋ ಹಾಗೆ ಬಡೀತಾರಪ್ಪ ಈ ಊರಲ್ಲಿ. ಬಂದೆ ಬಂದೆ, ಬೀಗದ ಕೈ ಹುಡುಕ್ತಿದೀನಿ, ಎಲ್ಲಿಟ್ಟಿದೀಯಾ ಟ್ಯಾಮ್ ಬೀಗದ ಕೈ? ಈ ಡ್ರಾಯರಲ್ಲಾ? ಇದರಲ್ಲಿಲ್ಲ. ಆ ಡ್ರಾಯರಲ್ಲಾ? ಏಳ್ಬೇಡ ನೀನು. ಕೂತ್ಕೋ. ನಾನೇ ತೆಗೀತೀನಿ.